ಜ್ವರವನ್ನು ಅಳೆಯುವ ಬಗೆ

ನಡುರಾತ್ರಿಯಲ್ಲಿ ಮಗುವೊಂದು ಬೆಚ್ಚಿ ಎದ್ದು ಅಳತೊಡಗಿತೆಂದರೆ ತಾಯಿಯ ಕೈ ಮೊದಲು ಹೋಗುವುದು ಅದರ ಹಣೆಯ ಮೇಲಕ್ಕೆ. ಹಣೆ ಬಿಸಿಯೆನಿಸಿದರೆ ಆ ಕೈ ಕೊರಳನ್ನೂ ಹೊಟ್ಟೆಯನ್ನೂ ಮುಟ್ಟಿ ನೋಡುತ್ತದೆ. "ಮೈ ಕೆಂಡದಂತೆ ಸುಡುತ್ತಿದೆ" ಎಂದು ತಾಯಿ ಕಳವಳಗೊಂಡರೆ, ಅಜ್ಜಿ ಬಂದು ಮುಟ್ಟಿ, "ಅಷ್ಟೇನೂ ಇಲ್ಲ, ಸ್ವಲ್ಪ ಬೆಚ್ಚಗಿದೆ" ಎನ್ನುತ್ತಾಳೆ. ಮುಟ್ಟಿದ ಹಣೆ ಒಂದೇ. ಬಂದ ಮಾತು ಮಾತ್ರ ಎರಡು. ಯಾರ ಮಾತನ್ನು ನಂಬಬೇಕು? ಈಗಲೇ ವೈದ್ಯರ ಬಳಿಗೆ ಹೊರಡಬೇಕೆ, ಬೆಳಗಿನವರೆಗೆ ಕಾಯಬಹುದೆ? ಆಸ್ಪತ್ರೆ ಹತ್ತಾರು ಕಿಲೋಮೀಟರ್ ದೂರವಿರುವ ಹಳ್ಳಿಯ ಮನೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಕೈಯ ಸ್ಪರ್ಶ ಏಕೆ ಹೀಗೆ ಮೋಸಗೊಳಿಸುತ್ತದೆ ಎಂಬುದನ್ನು ಒಂದು ಸರಳ ಪ್ರಯೋಗದಿಂದ ತಿಳಿಯಬಹುದು. ಮೂರು ಬೋಗುಣಿಗಳನ್ನು ತೆಗೆದುಕೊಂಡು ಒಂದರಲ್ಲಿ ತಣ್ಣೀರನ್ನೂ, ಇನ್ನೊಂದರಲ್ಲಿ ಕೈ ತಾಳುವಷ್ಟು ಬಿಸಿನೀರನ್ನೂ, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರನ್ನೂ ತುಂಬಬೇಕು. ಎಡಗೈಯನ್ನು ತಣ್ಣೀರಿನಲ್ಲಿ, ಬಲಗೈಯನ್ನು ಬಿಸಿನೀರಿನಲ್ಲಿ ಒಂದೆರಡು ನಿಮಿಷ ಇಟ್ಟು, ಬಳಿಕ ಎರಡನ್ನೂ ಒಟ್ಟಿಗೆ ನಡುವಿನ ಬೋಗುಣಿಯಲ್ಲಿ ಅದ್ದಿದರೆ, ಅದೇ ನೀರು ಎಡಗೈಗೆ ಬಿಸಿಯಾಗಿಯೂ ಬಲಗೈಗೆ ತಣ್ಣಗೂ ತೋರುತ್ತದೆ. ಚರ್ಮವು ಉಷ್ಣತೆಯನ್ನು ಅಳೆಯುವುದಿಲ್ಲ. ತನಗಿಂತ ಎದುರಿನ ವಸ್ತು ಬಿಸಿಯೋ ತಣ್ಣಗೋ ಎಂಬ ವ್ಯತ್ಯಾಸವನ್ನಷ್ಟೇ ಅದು ತಿಳಿಸುತ್ತದೆ. ಆಗತಾನೆ ಪಾತ್ರೆ ತೊಳೆದು ಬಂದ ತಣ್ಣನೆಯ ಕೈಗೆ ಆರೋಗ್ಯವಂತ ಮಗುವಿನ ಹಣೆಯೂ ಸುಡುವಂತೆ ಕಾಣುತ್ತದೆ. ಒಲೆಯ ಮುಂದಿನಿಂದ ಎದ್ದು ಬಂದ ಕೈಗೆ ನಿಜವಾದ ಜ್ವರವೂ ಗೊತ್ತಾಗದೆ ಹೋಗಬಹುದು. ಆದುದರಿಂದಲೇ ಜ್ವರವನ್ನು ತಿಳಿಯಲು ಮನುಷ್ಯನಿಗೆ ಒಂದು ಅಳತೆಗೋಲು ಬೇಕಾಯಿತು.

ಆ ಅಳತೆಗೋಲು ಒಂದೇ ದಿನದಲ್ಲಿ ಸಿದ್ಧವಾದುದಲ್ಲ. 17ನೆಯ ಶತಮಾನದ ಆರಂಭದಲ್ಲಿ ಇಟಲಿಯ ಪಾದುವಾ ನಗರದ ವೈದ್ಯ ಸಾಂಟೋರಿಯೊ, ಗಾಜಿನ ನಳಿಗೆಯೊಂದಕ್ಕೆ ಅಂಕಗಳನ್ನು ಗುರುತಿಸಿ, ಅದರ ಬುರುಡೆಯನ್ನು ರೋಗಿಯ ಬಾಯಲ್ಲಿರಿಸಿ ದೇಹದ ಬಿಸಿಯ ಏರಿಳಿತವನ್ನು ಗಮನಿಸಿದನು. ಡಾನ್ಸಿಗ್ ನಗರದಲ್ಲಿ ಹುಟ್ಟಿ ಹಾಲೆಂಡಿನಲ್ಲಿ ನೆಲೆಸಿದ ಫ್ಯಾರನ್‌ಹೀಟ್ 1714ರಲ್ಲಿ ಪಾದರಸದ ಉಷ್ಣತಾಮಾಪಕವನ್ನು ರಚಿಸಿದನು. 1742ರಲ್ಲಿ ಸ್ವೀಡನ್ನಿನ ಖಗೋಳಶಾಸ್ತ್ರಜ್ಞ ಸೆಲ್ಸಿಯಸ್ ನೂರು ಭಾಗಗಳ ಅಳತೆಯನ್ನು ಸೂಚಿಸಿದನು. ಹೀಗೆ ಸಾಧನ ದೊರೆತರೂ ವೈದ್ಯರು ಅದನ್ನು ರೋಗಿಯ ಹಾಸಿಗೆಯ ಬಳಿಗೆ ತರಲು ಇನ್ನೂ ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಆ ಕೆಲಸವನ್ನು ಅಪಾರ ತಾಳ್ಮೆಯಿಂದ ಮಾಡಿದವನು ಜರ್ಮನಿಯ ಲೈಪ್‌ಜಿಗ್ ನಗರದ ವೈದ್ಯ ಕಾರ್ಲ್ ವುಂಡರ್ಲಿಕ್. ಅವನು ಸುಮಾರು 25,000 ರೋಗಿಗಳ ಕಂಕುಳಲ್ಲಿ ಉಷ್ಣತಾಮಾಪಕವನ್ನಿರಿಸಿ, ಅಳತೆಗಳನ್ನು ದಿನದಿನವೂ ಬರೆದಿಟ್ಟು, 1868ರಲ್ಲಿ ಅವುಗಳನ್ನಾಧರಿಸಿದ ಗ್ರಂಥವನ್ನು ಪ್ರಕಟಿಸಿದನು. ಜ್ವರವೇ ಒಂದು ರೋಗವೆಂದು ಜನ ನಂಬಿದ್ದ ಕಾಲದಲ್ಲಿ, ಅದು ರೋಗದ ಲಕ್ಷಣವೆಂಬುದನ್ನು ಆ ಗ್ರಂಥ ಮನಗಾಣಿಸಿತು. ಆರೋಗ್ಯವಂತನ ದೇಹೋಷ್ಣತೆ 37 ಡಿಗ್ರಿ ಸೆಲ್ಸಿಯಸ್, ಎಂದರೆ 98.6 ಡಿಗ್ರಿ ಫ್ಯಾರನ್‌ಹೀಟ್, ಎಂಬ ಮಾತು ಲೋಕದಲ್ಲಿ ಹರಡಿದ್ದೂ ಅವನಿಂದಲೇ. ಆದರೆ ಆಗಿನ ಉಷ್ಣತಾಮಾಪಕ ಸುಮಾರು ಒಂದು ಅಡಿ ಉದ್ದವಿದ್ದು, ಒಂದು ಅಳತೆಗೆ ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಬೇಕಾಗುತ್ತಿತ್ತು. 1860ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ ಅದನ್ನು ಆರು ಅಂಗುಲಕ್ಕೆ ಕಿರಿದುಗೊಳಿಸಿ, ಐದು ನಿಮಿಷಗಳಲ್ಲಿ ಅಳತೆ ದೊರೆಯುವಂತೆ ಮಾಡಿದನು. ವೈದ್ಯನ ಜೇಬಿನಲ್ಲಿ ಹಿಡಿಸುವಂತಾದ ಈ ಪುಟ್ಟ ಗಾಜಿನ ಕಡ್ಡಿಯೇ ಮುಂದೆ ಮನೆಮನೆಯನ್ನೂ ಹೊಕ್ಕಿತು.

ಪಾದರಸದ ಕಡ್ಡಿ ಬಹುಕಾಲ ಪ್ರಾಮಾಣಿಕವಾಗಿ ಸೇವೆ ಸಲ್ಲಿಸಿತು. ಆದರೆ ಅದಕ್ಕೆ ಎರಡು ಕೊರತೆಗಳಿದ್ದವು. ನಾಲಿಗೆಯ ಅಡಿಯಲ್ಲಿಯೋ ಕಂಕುಳಿನಲ್ಲಿಯೋ ಅದನ್ನು ಕೆಲವು ನಿಮಿಷ ಅಲುಗದಂತೆ ಇರಿಸಿಕೊಳ್ಳಬೇಕು. ಅಳುವ ಮಗು ಅಷ್ಟು ಹೊತ್ತು ಸುಮ್ಮನಿರುವುದಿಲ್ಲ. ಗಾಜು ಒಡೆದರೆ ಪಾದರಸ ಹೊರಚೆಲ್ಲುತ್ತದೆ. ಅದರ ಆವಿ ವಿಷಕರವಾದುದು. ಜಪಾನಿನ ಮಿನಮಾಟಾ ಎಂಬ ಊರಿನಲ್ಲಿ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸದ ಸಂಯುಕ್ತವು ಮೀನುಗಳ ಮೂಲಕ ಜನರ ದೇಹವನ್ನು ಸೇರಿ ಉಂಟುಮಾಡಿದ ಘೋರ ವ್ಯಾಧಿ 1956ರಲ್ಲಿ ಬೆಳಕಿಗೆ ಬಂದಿತು. ಆ ಊರಿನ ಹೆಸರನ್ನೇ ಹೊತ್ತ ಅಂತರರಾಷ್ಟ್ರೀಯ ಒಡಂಬಡಿಕೆ 2013ರಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂದಿತು. ಭಾರತವು 2018ರಲ್ಲಿ ಅದನ್ನು ಸ್ಥಿರೀಕರಿಸಿತು. ಪಾದರಸದ ಉಷ್ಣತಾಮಾಪಕಗಳ ತಯಾರಿಕೆಯನ್ನು ಕ್ರಮೇಣ ನಿಲ್ಲಿಸುವುದು ಆ ಒಡಂಬಡಿಕೆಯ ಗುರಿಗಳಲ್ಲೊಂದು. ಹೀಗೆ ಗಾಜಿನ ಕಡ್ಡಿಯ ಸ್ಥಾನವನ್ನು ಹೊಸ ಸಾಧನಗಳು ತುಂಬಬೇಕಾಯಿತು. ಅವುಗಳಲ್ಲಿ ಕಂಕುಳು ಅಥವಾ ಬಾಯಲ್ಲಿಡುವ ವಿದ್ಯುನ್ಮಾನ ಉಷ್ಣತಾಮಾಪಕ ಒಂದಾದರೆ, ಕಿವಿಯ ಉಷ್ಣತಾಮಾಪಕ ಇನ್ನೊಂದು.

ಕಿವಿಯ ಉಷ್ಣತಾಮಾಪಕದ ಮೂಲತತ್ವ ತಿಳಿಯಬೇಕಾದರೆ 1800ನೆಯ ಇಸವಿಗೆ ಹಿಂದಿರುಗಬೇಕು. ಆ ವರ್ಷ ಇಂಗ್ಲೆಂಡಿನಲ್ಲಿ ಖಗೋಳಶಾಸ್ತ್ರಜ್ಞ ವಿಲಿಯಂ ಹರ್ಷೆಲ್, ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಬಣ್ಣಗಳ ಪಟ್ಟಿಯಲ್ಲಿ ಯಾವ ಬಣ್ಣಕ್ಕೆ ಎಷ್ಟು ಶಾಖವಿದೆಯೆಂದು ಉಷ್ಣತಾಮಾಪಕದಿಂದ ಪರೀಕ್ಷಿಸಿದನು. ನೇರಳೆಯಿಂದ ಕೆಂಪಿನ ಕಡೆಗೆ ಸಾಗಿದಂತೆ ಶಾಖ ಹೆಚ್ಚುತ್ತ ಬಂದಿತು. ಕೆಂಪು ಬಣ್ಣದ ಅಂಚನ್ನು ದಾಟಿ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿರಿಸಿದ ಉಷ್ಣತಾಮಾಪಕವು ಎಲ್ಲಕ್ಕಿಂತ ಹೆಚ್ಚಿನ ಏರಿಕೆಯನ್ನು ತೋರಿಸಿತು! ಕಣ್ಣಿಗೆ ಕಾಣದ ಆ ಕಿರಣಗಳನ್ನು ಈಗ ಅವಕೆಂಪು ಕಿರಣಗಳೆಂದು ಕರೆಯುತ್ತಾರೆ. ಸೂರ್ಯನೊಂದೇ ಅಲ್ಲ, ಬಿಸಿಯುಳ್ಳ ಪ್ರತಿಯೊಂದು ವಸ್ತುವೂ ಇಂತಹ ಕಿರಣಗಳನ್ನು ಸೂಸುತ್ತದೆ. ಒಲೆಯ ಕೆಂಡದಿಂದ ದೂರ ಕುಳಿತವನ ಮುಖಕ್ಕೂ ಬಿಸಿ ತಟ್ಟುವುದು ಇವುಗಳಿಂದಲೇ. ಮನುಷ್ಯನ ಮೈಯೂ ಹಗಲಿರುಳು ಇವನ್ನು ಹೊರಸೂಸುತ್ತಲೇ ಇರುತ್ತದೆ. ವಸ್ತುವಿನ ಉಷ್ಣತೆ ಏರಿದಂತೆ ಅದು ಸೂಸುವ ಕಿರಣಗಳ ಪ್ರಮಾಣವೂ ಏರುತ್ತದೆ. ಆ ಏರಿಕೆಯ ನಿಯಮವನ್ನು 1879ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ಸ್ಟೆಫಾನ್ ಕಂಡುಹಿಡಿದನು. ಆದುದರಿಂದ ಕಿರಣಗಳನ್ನು ಅಳೆದರೆ, ವಸ್ತುವನ್ನು ಮುಟ್ಟದೆಯೇ ಅದರ ಉಷ್ಣತೆಯನ್ನು ಲೆಕ್ಕ ಹಾಕಬಹುದು.

ದೇಹದ ಎಲ್ಲ ಭಾಗಗಳನ್ನೂ ಬಿಟ್ಟು ಕಿವಿಯನ್ನೇ ಆರಿಸಿದ್ದು ಏಕೆ? ಚರ್ಮದ ಉಷ್ಣತೆ ಗಾಳಿ, ಬೆವರು, ಬಿಸಿಲುಗಳಿಗೆ ತಕ್ಕಂತೆ ಬದಲಾಗುತ್ತದೆ. ವೈದ್ಯನಿಗೆ ಬೇಕಾದುದು ದೇಹದ ಒಳಗಿನ ಉಷ್ಣತೆ. ಅದನ್ನು ಹತೋಟಿಯಲ್ಲಿಡುವುದು ಮೆದುಳಿನ ತಳಭಾಗದಲ್ಲಿರುವ ಹೈಪೊಥಾಲಮಸ್ ಎಂಬ ಪುಟ್ಟ ಅಂಗ. ರೋಗಾಣುಗಳು ದೇಹವನ್ನು ಹೊಕ್ಕಾಗ ಈ ಅಂಗವೇ ಉಷ್ಣತೆಯ ಮಟ್ಟವನ್ನು ಮೇಲಕ್ಕೇರಿಸುತ್ತದೆ. ಆ ಹೊಸ ಮಟ್ಟವನ್ನು ಮುಟ್ಟುವವರೆಗೆ ರೋಗಿಗೆ ಚಳಿಯೆನಿಸುತ್ತದೆ. ಸ್ನಾಯುಗಳು ನಡುಗಿ ಶಾಖವನ್ನು ಉತ್ಪಾದಿಸುತ್ತವೆ. ಮೈ ಸುಡುತ್ತಿರುವಾಗಲೂ ರೋಗಿ ಕಂಬಳಿ ಕೇಳುವುದರ ಗುಟ್ಟು ಇದೇ. ಮೆದುಳಿನತ್ತ ರಕ್ತವನ್ನು ಒಯ್ಯುವ ಕೊರಳಿನ ಧಮನಿಗಳ ಶಾಖೆಗಳು ಕಿವಿತಮಟೆಯ ಪ್ರದೇಶಕ್ಕೂ ರಕ್ತವನ್ನು ಒದಗಿಸುತ್ತವೆ. ಹೊರಗಾಳಿಯ ಹೊಡೆತಕ್ಕೆ ಸಿಕ್ಕದೆ ನಾಳದ ಆಳದಲ್ಲಿ ಅಡಗಿರುವ ಆ ತೆಳುವಾದ ಪೊರೆಯ ಉಷ್ಣತೆ ಒಳದೇಹದ ಉಷ್ಣತೆಗೆ ಬಹಳ ಹತ್ತಿರವಾಗಿರುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಥಿಯೋಡೋರ್ ಬೆಂಜಿಂಗರ್ ಎಂಬ ವಿಜ್ಞಾನಿ ಕಿವಿತಮಟೆಯ ಉಷ್ಣತೆಯನ್ನು ಅಳೆದು ಅದರ ಮಹತ್ವವನ್ನು ಎತ್ತಿ ತೋರಿಸಿದನು. ಅವಕೆಂಪು ಕಿರಣಗಳಿಂದ ಅದನ್ನು ಅಳೆಯುವ ಸಾಧನಗಳು 1980ರ ದಶಕದಲ್ಲಿ ಆಸ್ಪತ್ರೆಗಳಿಗೂ 1990ರ ದಶಕದಲ್ಲಿ ಮನೆಗಳಿಗೂ ಬಂದವು.

ಸಾಧನದ ರಚನೆ ಹೀಗಿರುತ್ತದೆ. ಅಂಗೈಯಲ್ಲಿ ಹಿಡಿಸುವ ಹಿಡಿ. ಅದರ ತುದಿಯಲ್ಲಿ ಕಿವಿಯೊಳಗೆ ತೂರುವಂತಹ ಮೊನಚಾದ ಮೂತಿ. ಮೂತಿಯ ಬಾಯಲ್ಲಿ ಅವಕೆಂಪು ಕಿರಣಗಳನ್ನು ಒಳಬಿಡುವ ಪುಟ್ಟ ಕಿಟಕಿ. ಕಿಟಕಿಯ ಹಿಂದೆ ಥರ್ಮೋಪೈಲ್ ಎಂಬ ಸಂವೇದಕವಿದೆ. ಕಿವಿತಮಟೆಯಿಂದ ಬಂದ ಕಿರಣಗಳು ಇದನ್ನು ತುಸು ಬಿಸಿಮಾಡುತ್ತವೆ. ಎರಡು ಬೇರೆ ಬೇರೆ ವಸ್ತುಗಳ ಬೆಸುಗೆಗಳಲ್ಲಿ ಒಂದು ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಅಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತನ್ನು ಸಾಧನದೊಳಗಿನ ಗಣಕ ಭಾಗವು ಡಿಗ್ರಿಗಳಿಗೆ ಪರಿವರ್ತಿಸಿ, ಕೆಲವೇ ಕ್ಷಣಗಳಲ್ಲಿ ಅಂಕಿಯಾಗಿ ತೋರಿಸುತ್ತದೆ. ದೇಹದ ಉಷ್ಣತೆ 37 ಡಿಗ್ರಿಯಿಂದ 39 ಡಿಗ್ರಿಗೆ ಏರಿದಾಗ ಅದು ಸೂಸುವ ಕಿರಣಗಳು ಹೆಚ್ಚುವುದು ನೂರಕ್ಕೆ ಸುಮಾರು ಎರಡೂವರೆ ಪಾಲು ಮಾತ್ರ. ಇಷ್ಟು ಸಣ್ಣ ವ್ಯತ್ಯಾಸವನ್ನು ಗುರುತಿಸಬೇಕಾದ ಸಾಧನವು ಎಷ್ಟು ಸೂಕ್ಷ್ಮವಾಗಿರಬೇಕು, ಅದನ್ನು ಬಳಸುವವರು ಎಷ್ಟು ಜಾಗರೂಕರಾಗಿರಬೇಕು ಎಂಬುದನ್ನು ಇದರಿಂದ ಊಹಿಸಬಹುದು.

ಬಳಸುವ ಕ್ರಮವನ್ನು ಈಗ ನೋಡಬಹುದು. ಸಾಧನವನ್ನೂ ರೋಗಿಯನ್ನೂ ಅಳೆಯುವ ಮೊದಲು ಒಂದೇ ಕೋಣೆಯಲ್ಲಿ ಸುಮಾರು ಅರ್ಧ ಗಂಟೆ ಇರಿಸಬೇಕು. ತಣ್ಣನೆಯ ಕಪಾಟಿನಿಂದಲೋ ಬಿಸಿಲಿನಲ್ಲಿದ್ದ ಚೀಲದಿಂದಲೋ ಹೊರತೆಗೆದ ಸಾಧನ, ತನ್ನ ಉಷ್ಣತೆಯೇ ಬದಲಾಗುತ್ತಿರುವುದರಿಂದ, ತಪ್ಪು ಲೆಕ್ಕ ಹಾಕುತ್ತದೆ. ಮೂತಿಯ ಕಿಟಕಿ ಶುಭ್ರವಾಗಿರಬೇಕು. ಬೆರಳಿನ ಗುರುತು ಕೂಡ ಕಿರಣಗಳನ್ನು ತಡೆಯುತ್ತದೆ. ತೆಳುವಾದ ಹೊದಿಕೆ ಇರುವ ಮಾದರಿಯಾದರೆ ಪ್ರತಿಯೊಬ್ಬರಿಗೂ ಹೊಸ ಹೊದಿಕೆಯನ್ನು ತೊಡಿಸಬೇಕು. ಕಿವಿಯ ನಾಳವು ನೇರವಾದ ಕೊಳವೆಯಲ್ಲ, ಅದಕ್ಕೊಂದು ಬಾಗು ಇದೆ. ಆ ಬಾಗನ್ನು ನೇರಗೊಳಿಸಲು, ಒಂದು ವರ್ಷಕ್ಕೆ ಮೇಲ್ಪಟ್ಟವರಲ್ಲಿ ಕಿವಿಯ ಹಾಲೆಯನ್ನು ಮೃದುವಾಗಿ ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಅದಕ್ಕಿಂತ ಚಿಕ್ಕ ಮಗುವಿನಲ್ಲಿ ನೇರವಾಗಿ ಹಿಂದಕ್ಕೆ ಎಳೆಯಬೇಕು. ಬಳಿಕ ಮೂತಿಯನ್ನು ನೋವಾಗದಂತೆ, ಆದರೆ ನಾಳ ಮುಚ್ಚುವಂತೆ ಒಳಗಿರಿಸಿ, ಎದುರು ಕಣ್ಣಿನ ದಿಕ್ಕಿಗೆ ಗುರಿಯಿಟ್ಟು ಗುಂಡಿಯನ್ನು ಒತ್ತಬೇಕು. ಸದ್ದು ಕೇಳಿದ ಮೇಲೆ ಹೊರತೆಗೆದು ಅಂಕಿಯನ್ನು ಓದಬೇಕು.

ಇಲ್ಲಿ ಗುರಿಯೇ ಮುಖ್ಯ. ಬಾಗು ನೇರವಾಗದಿದ್ದರೆ ಸಾಧನವು ಕಿವಿತಮಟೆಯ ಬದಲು ನಾಳದ ಗೋಡೆಯನ್ನು ನೋಡುತ್ತದೆ. ಗೋಡೆ ತಮಟೆಗಿಂತ ತಣ್ಣಗಿರುವುದರಿಂದ ಜ್ವರವಿದ್ದರೂ ಅಂಕಿ ಕಡಿಮೆ ಬರುತ್ತದೆ. ಗುಗ್ಗೆ ತುಂಬಿದ ಕಿವಿಯಲ್ಲಿಯೂ ಇದೇ ಗತಿ. ಹಾಗೆಂದು ಬೆಂಕಿಕಡ್ಡಿಯಿಂದಲೋ ಕೂದಲಪಿನ್ನಿನಿಂದಲೋ ಕಿವಿಯನ್ನು ಕೆದಕಬಾರದು, ತಮಟೆಗೆ ಗಾಯವಾದೀತು. ದಿಂಬಿಗೆ ಒತ್ತಿ ಮಲಗಿದ್ದ ಕಿವಿ ಹೆಚ್ಚು ಬಿಸಿಯಾಗಿ ತೋರುತ್ತದೆ. ತಲೆಸ್ನಾನ ಮಾಡಿದ ಅಥವಾ ಚಳಿಗಾಳಿಯಲ್ಲಿ ತಿರುಗಿ ಬಂದ ಕಿವಿ ತಣ್ಣಗಾಗಿ ತೋರುತ್ತದೆ. ಇಂತಹ ಸಂದರ್ಭಗಳಲ್ಲಿ ಸುಮಾರು ಅರ್ಧ ಗಂಟೆ ಕಾಯುವುದು ಒಳ್ಳೆಯದು. ಒಂದು ಕಿವಿಗೆ ಔಷಧವನ್ನೋ ಎಣ್ಣೆಯನ್ನೋ ಬಿಟ್ಟಿದ್ದರೆ ಇನ್ನೊಂದು ಕಿವಿಯಲ್ಲಿ ನೋಡಬೇಕು. ಕಿವಿ ನೋಯುತ್ತಿದ್ದರೆ ಅಥವಾ ಸೋರುತ್ತಿದ್ದರೆ ಈ ಸಾಧನವನ್ನು ಅಲ್ಲಿ ಬಳಸದಿರುವುದೇ ಲೇಸು. ಎರಡು ಕಿವಿಗಳ ಅಳತೆಯಲ್ಲಿ ತುಸು ಅಂತರವಿರುವುದು ಸಹಜ. ಆದುದರಿಂದ ಪ್ರತಿಸಲವೂ ಒಂದೇ ಕಿವಿಯಲ್ಲಿ ಅಳೆಯಬೇಕು. ಮತ್ತೆ ಮತ್ತೆ ಅಳೆದಾಗ ಅಂಕಿಗಳು ಬೇರೆಬೇರೆಯಾಗಿ ಬಂದರೆ ಅವುಗಳಲ್ಲಿ ಹೆಚ್ಚಿನದನ್ನು ಒಪ್ಪಿಕೊಳ್ಳುವುದು ರೂಢಿ. ಏಕೆಂದರೆ ಗುರಿ ತಪ್ಪಿದಾಗ ಅಂಕಿ ಸಾಮಾನ್ಯವಾಗಿ ಕೆಳಗಿಳಿಯುತ್ತದೆಯೇ ಹೊರತು ಮೇಲೇರುವುದಿಲ್ಲ. ಆರು ತಿಂಗಳೊಳಗಿನ ಶಿಶುಗಳ ಕಿವಿಯ ನಾಳ ತೀರ ಕಿರಿದಾದುದರಿಂದ ಅವರಲ್ಲಿ ಈ ಅಳತೆಯನ್ನು ಪೂರ್ತಿಯಾಗಿ ನೆಚ್ಚುವಂತಿಲ್ಲ. ಮನೆಯಲ್ಲಿ ಅವರ ಕಂಕುಳಲ್ಲಿ ವಿದ್ಯುನ್ಮಾನ ಉಷ್ಣತಾಮಾಪಕವನ್ನು ಇರಿಸಿ ನೋಡಬಹುದು.

2020ರಲ್ಲಿ ಕೋವಿಡ್ ವ್ಯಾಧಿ ಹಬ್ಬಿದಾಗ ಕಚೇರಿ, ಅಂಗಡಿ, ಶಾಲೆಗಳ ಬಾಗಿಲಲ್ಲಿ ಹಣೆಗೆ ಹಿಡಿದು ನೋಡುತ್ತಿದ್ದ ಸಾಧನವೂ ಇದೇ ತತ್ವದ ಮೇಲೆ ಕೆಲಸ ಮಾಡುವಂತಹುದು. ಆದರೆ ಅದು ನೋಡುವುದು ಹೊರಚರ್ಮವನ್ನು. ಬಿಸಿಲಲ್ಲಿ ನಡೆದು ಬಂದವನ ಹಣೆ ಕಾದಿರುತ್ತದೆ. ಬೆವರಿದವನ ಹಣೆ ತಂಪಾಗಿರುತ್ತದೆ. ಆದುದರಿಂದ ಬಾಗಿಲಲ್ಲಿ ಕಂಡ ಅಂಕಿಗೂ ಕಿವಿಯಲ್ಲಿ ಕಂಡ ಅಂಕಿಗೂ ಸಮಾನ ಬೆಲೆ ಕೊಡುವಂತಿಲ್ಲ.

ಅಂಕಿ ದೊರೆತ ಮೇಲೆ ಅದರ ಅರ್ಥವನ್ನು ತಿಳಿಯಬೇಕು. 98.6 ಎಂಬ ಸಂಖ್ಯೆಯನ್ನು ಕೂದಲೆಳೆಯಷ್ಟೂ ಅಲುಗದ ಗೆರೆಯೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು 37 ಎಂಬ ಪೂರ್ಣಾಂಕವನ್ನು ಫ್ಯಾರನ್‌ಹೀಟಿಗೆ ಪರಿವರ್ತಿಸಿದಾಗ ಬಂದ ದಶಮಾಂಶವಷ್ಟೆ. 1992ರಲ್ಲಿ ಅಮೆರಿಕದ ವೈದ್ಯರು 148 ಮಂದಿ ಆರೋಗ್ಯವಂತರ ಬಾಯಿಯ ಉಷ್ಣತೆಯನ್ನು ಪದೇ ಪದೇ ಅಳೆದು ನೋಡಿದಾಗ ಸರಾಸರಿ 98.2 ಡಿಗ್ರಿ ಬಂದಿತು. ಒಬ್ಬನೇ ವ್ಯಕ್ತಿಯ ಉಷ್ಣತೆಯೂ ನಸುಕಿನಲ್ಲಿ ಕಡಿಮೆಯಾಗಿದ್ದು ಇಳಿಹೊತ್ತಿಗೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಆದುದರಿಂದ ಸಂಜೆ 99 ಡಿಗ್ರಿ ಫ್ಯಾರನ್‌ಹೀಟ್ ಕಂಡೊಡನೆ ಹೌಹಾರಬೇಕಾಗಿಲ್ಲ. ವೈದ್ಯರು ಸಾಮಾನ್ಯವಾಗಿ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೆ ಮೇಲ್ಪಟ್ಟುದನ್ನು ಜ್ವರವೆಂದು ಗಣಿಸುತ್ತಾರೆ. ಸೆಲ್ಸಿಯಸ್ ಅಂಕಿಯನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32ನ್ನು ಕೂಡಿಸಿದರೆ ಫ್ಯಾರನ್‌ಹೀಟ್ ಅಂಕಿ ದೊರೆಯುತ್ತದೆ. ಈ ಲೆಕ್ಕದಂತೆ 38 ಡಿಗ್ರಿ ಎಂದರೆ 100.4, 40 ಡಿಗ್ರಿ ಎಂದರೆ 104. ವೈದ್ಯರಿಗೆ ತಿಳಿಸುವಾಗ ಯಾವ ಮಾನದಲ್ಲಿ, ದೇಹದ ಯಾವ ಭಾಗದಲ್ಲಿ, ಎಷ್ಟು ಗಂಟೆಗೆ ಅಳೆದದ್ದು ಎಂಬುದನ್ನೂ ಹೇಳಬೇಕು. ಕಂಕುಳಿನ ಅಂಕಿ ಬಾಯಿಯ ಅಂಕಿಗಿಂತ ಸಾಮಾನ್ಯವಾಗಿ ಕಡಿಮೆಯಿರುತ್ತದೆ. ಕಂಕುಳಿನ ಒಂದು ಅಂಕಿಯನ್ನು ಕಿವಿಯ ಇನ್ನೊಂದು ಅಂಕಿಯೊಡನೆ ಹೋಲಿಸಿ ಜ್ವರ ಏರಿತೆಂದೋ ಇಳಿಯಿತೆಂದೋ ತೀರ್ಮಾನಿಸುವುದು ತಪ್ಪು.

ಒಂದೇ ಅಳತೆಗಿಂತ ಅಳತೆಗಳ ಸಾಲು ಹೆಚ್ಚು ಉಪಯುಕ್ತ. ಹಳೆಯ ನೋಟುಬುಕ್ಕಿನ ಹಾಳೆಯೊಂದರಲ್ಲಿ ದಿನಾಂಕ, ವೇಳೆ, ಉಷ್ಣತೆ, ಕೊಟ್ಟ ಔಷಧ ಇವುಗಳನ್ನು ಬರೆದಿಟ್ಟರೆ ಸಾಕು. ವುಂಡರ್ಲಿಕ್ ಆಸ್ಪತ್ರೆಯಲ್ಲಿ ಮಾಡಿದ ಕೆಲಸವನ್ನು ಮನೆಯಲ್ಲಿ ಮಾಡಿದಂತಾಗುತ್ತದೆ. ಜ್ವರ ಎಂದು ಬಂದಿತು, ಬಿಟ್ಟು ಬಿಟ್ಟು ಬರುತ್ತಿದೆಯೇ, ಸದಾ ಇದೆಯೇ ಎಂಬುದನ್ನು ಆ ಹಾಳೆಯಿಂದ ವೈದ್ಯರು ಅರಿತು ಮುಂದಿನ ಪರೀಕ್ಷೆಯನ್ನು ನಿರ್ಧರಿಸಬಲ್ಲರು. ನಿದ್ದೆಗೆಟ್ಟ ತಾಯಿಯ ನೆನಪಿಗಿಂತ ಆ ಹಾಳೆ ಹೆಚ್ಚು ನಂಬಿಕೆಗೆ ಅರ್ಹವಾದುದು.

ಆದರೂ ಸಾಧನವು ಹೇಳುವುದು ಒಂದೇ ಒಂದು ಸಂಗತಿಯನ್ನು. ಮಗು ಹಾಲು ಕುಡಿಯುತ್ತಿದೆಯೇ, ಕರೆದರೆ ಕಣ್ಣು ತೆರೆಯುತ್ತದೆಯೇ, ಉಸಿರು ಸಲೀಸಾಗಿದೆಯೇ ಎಂಬುದನ್ನು ಅದು ಹೇಳಲಾರದು. ಮೂರು ತಿಂಗಳೊಳಗಿನ ಶಿಶುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಕಂಡರೆ, ಅಥವಾ ಮೈ ಅಸಹಜವಾಗಿ ತಣ್ಣಗಾದರೆ, ಕಾಯದೆ ವೈದ್ಯರ ಬಳಿಗೆ ಒಯ್ಯಬೇಕು. ಯಾವ ವಯಸ್ಸಿನವರಲ್ಲೇ ಆಗಲಿ ಸೆಳವು, ಏದುಸಿರು, ಕುತ್ತಿಗೆ ಬಿಗಿತ, ಎಚ್ಚರ ತಪ್ಪುವಿಕೆ, ನಿಲ್ಲದ ವಾಂತಿ ಕಂಡುಬಂದರೆ ಅಂಕಿ ಎಷ್ಟೇ ಇರಲಿ, ತಡಮಾಡಬಾರದು. "ಥರ್ಮಾಮೀಟರಿನಲ್ಲಿ ಜ್ವರವೇ ಇಲ್ಲ" ಎಂಬ ಸಮಾಧಾನ ಅಂತಹ ಹೊತ್ತಿನಲ್ಲಿ ಪ್ರಾಣಕ್ಕೇ ಎರವಾದೀತು. ಹಾಗೆಯೇ, ಲವಲವಿಕೆಯಿಂದ ಆಡುತ್ತಿರುವ ಮಗುವಿಗೆ ಒಂದು ಅಂಕಿಯನ್ನು ಕಂಡು ಹೆದರಿ, ಕೈಗೆ ಸಿಕ್ಕ ಔಷಧವನ್ನು ಕುಡಿಸುವುದೂ ಅವಿವೇಕ.

ಹರ್ಷೆಲ್ ಉಷ್ಣತಾಮಾಪಕದ ನೆರವಿನಿಂದ ಕಾಣದ ಕಿರಣಗಳನ್ನು ಕಂಡನು. ಇಂದು ಅದೇ ಕಿರಣಗಳ ನೆರವಿನಿಂದ ಉಷ್ಣತಾಮಾಪಕವು ಕಿವಿಯ ಆಳದಲ್ಲಿ ಅಡಗಿದ ಜ್ವರವನ್ನು ಕಾಣುತ್ತಿದೆ. ಜ್ಞಾನವು ಹೀಗೆ ಕೈಯಿಂದ ಕೈಗೆ ಸಾಗಿ, ಕೊನೆಗೆ ನಡುರಾತ್ರಿಯಲ್ಲಿ ಎಚ್ಚೆತ್ತ ಮನೆಯೊಂದನ್ನು ತಲುಪಿದೆ. ತಾಯಿ ಹಣೆಯನ್ನು ಮುಟ್ಟುವುದು ಬೇಡವೆಂದು ಯಾವ ವಿಜ್ಞಾನವೂ ಹೇಳುವುದಿಲ್ಲ. ಮಗುವಿಗೆ ಏನೋ ಆಗಿದೆಯೆಂದು ಮೊದಲು ತಿಳಿಯುವುದು ಆ ಕೈಗೇ. ಎಷ್ಟು ಆಗಿದೆಯೆಂಬುದನ್ನು ಸಾಧನ ತಿಳಿಸುತ್ತದೆ, ಸರಿಯಾಗಿ ಗುರಿಯಿಟ್ಟು ಹಿಡಿದರೆ. ಏನು ಮಾಡಬೇಕೆಂಬುದನ್ನು ನಿರ್ಧರಿಸಲು ಮಾತ್ರ ಮಗುವಿನ ಮುಖವನ್ನೂ ಅಂಕಿಯನ್ನೂ ಒಟ್ಟಿಗೆ ನೋಡಬಲ್ಲ ವಿವೇಕವುಳ್ಳ ಮನುಷ್ಯನೇ ಬೇಕು.